ನೇಟೋ ಉಳಿಯುತ್ತಾ?

ಶಿರಸಿಯ ಓದುಗರೊಬ್ಬರ ಪತ್ರ: "ನನ್ನ ಮಗಳು ಎಸ್ಟೋನಿಯಾದ ಟ್ಯಾಲಿನ್‌ನಲ್ಲಿ ಓದುತ್ತಿದ್ದಾಳೆ. ಅಮೆರಿಕ ನೇಟೋ ಬಿಟ್ಟರೆ ಆ ಪುಟ್ಟ ದೇಶದ ಗತಿಯೇನು? ಸಹಿ ಹಾಕಿದ ಮೇಲೆ ಬಿಡೋಕಾಗುತ್ತಾ?"

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎಸ್ಟೋನಿಯಾದ ಪಕ್ಕದಲ್ಲೇ ರಷ್ಯಾ ಇದೆ, ನಿಮ್ಮ ಆತಂಕ ಸುಮ್ನೆ ಹುಟ್ಟಿದ್ದಲ್ಲ.

ನೇಟೋ ಅಂದರೆ ಅಮೆರಿಕ, ಕೆನಡಾ ಮತ್ತು ಯುರೋಪಿನ ಹಲವು ದೇಶಗಳ ರಕ್ಷಣಾ ಕೂಟ. ಬಿಡುವ ದಾರಿ ಅದರ ಒಪ್ಪಂದದಲ್ಲೇ ಇದೆ. 13ನೇ ವಿಧಿಯಂತೆ ನೋಟಿಸ್ ಕೊಟ್ಟು ಒಂದು ವರ್ಷ ಕಳೆದರೆ ಯಾವ ದೇಶವೂ ಹೊರಬರಬಹುದು. ಆದರೆ 2023ರ ಕೊನೆಯಲ್ಲಿ ಅಮೆರಿಕ ಒಂದು ಕಾನೂನು ಮಾಡಿಕೊಂಡಿದೆ. ಸೆನೆಟ್‌ನ ಮೂರನೇ ಎರಡರಷ್ಟು ಸದಸ್ಯರ ಒಪ್ಪಿಗೆ ಇಲ್ಲದೆ, ಇಲ್ಲವೇ ಸಂಸತ್ತಿನಲ್ಲಿ ಹೊಸ ಕಾನೂನು ಆಗದೆ, ಅಧ್ಯಕ್ಷರೊಬ್ಬರೇ ಹೊರನಡೆಯುವಂತಿಲ್ಲ. ಹಾಗಾಗಿ ರಾತ್ರೋರಾತ್ರಿ ನೇಟೋ ಮುರಿದುಬೀಳುವ ಭಯ ನನಗಿಲ್ಲ.

ನನ್ನ ಚಿಂತೆ ಬೇರೆ. ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಅನ್ನುತ್ತದೆ 5ನೇ ವಿಧಿ. ಅದರ ಮುಂದಿನ ಮಾತನ್ನು ಗಮನಿಸುವವರು ಕಡಿಮೆ. ಪ್ರತಿ ದೇಶವೂ ತನಗೆ ಅಗತ್ಯ ಅನ್ನಿಸಿದ ಕ್ರಮ ಕೈಗೊಳ್ಳಬೇಕು ಅಂತಿದೆ ಅಷ್ಟೇ. ಸೈನ್ಯ ಕಳಿಸಲೇಬೇಕು ಅಂತಿಲ್ಲ. ಅಂದರೆ ಕೂಟದೊಳಗೆ ಇದ್ದುಕೊಂಡೇ ಕೈಕಟ್ಟಿ ಕೂರಬಹುದು, ಅಲ್ವಾ?

ಇಂಥದ್ದನ್ನು ನಮ್ಮ ನೆರೆಯವರೇ ಅನುಭವಿಸಿದ್ದಾರೆ. 1954ರಲ್ಲಿ ಮನಿಲಾದಲ್ಲಿ ಹುಟ್ಟಿದ ಸಿಯಾಟೋ ಕೂಟದಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್ ಜೊತೆ ಪಾಕಿಸ್ತಾನವೂ ಇತ್ತು. ತನ್ನ ಭರವಸೆ ಕಮ್ಯುನಿಸ್ಟ್ ದಾಳಿಗೆ ಮಾತ್ರ ಎಂದು ಅಮೆರಿಕ ಆಗಲೇ ಬರೆಸಿತ್ತು. 1965ರಲ್ಲಿ, 1971ರಲ್ಲಿ ನಮ್ಮೊಂದಿಗೆ ಯುದ್ಧವಾದಾಗ ಕೂಟ ಪಾಕಿಸ್ತಾನದ ಪರವಾಗಿ ಯುದ್ಧಕ್ಕೆ ಇಳಿಯಲಿಲ್ಲ. ಪಾಕಿಸ್ತಾನ ಹೊರಬಂತು. 1977ರಲ್ಲಿ ಸಿಯಾಟೋ ಬಾಗಿಲು ಮುಚ್ಚಿತು.

ನೇಟೋದ ಬೇರು ಅದಕ್ಕಿಂತ ಆಳವಾಗಿದೆ. 5ನೇ ವಿಧಿಯನ್ನು ಬಳಸಿದ್ದು ಒಂದೇ ಸಲ, 2001ರ ಸೆಪ್ಟೆಂಬರ್ ದಾಳಿಯ ನಂತರ. ಅದೂ ಅಮೆರಿಕಕ್ಕಾಗಿ! ಸುಮಾರು 13 ಲಕ್ಷ ಜನರ ಎಸ್ಟೋನಿಯಾ ಕೂಡ ಅಫ್ಘಾನಿಸ್ತಾನಕ್ಕೆ ಸೈನಿಕರನ್ನು ಕಳಿಸಿತು, ಕೆಲವರನ್ನು ಕಳೆದುಕೊಂಡಿತು. ಮಿತ್ರರು ಬರೀ ಹೊರೆ ಎಂಬ ಮಾತು ಕೇಳಿದಾಗ ಆ ಸೈನಿಕರ ನೆನಪಾಗಿ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಯುರೋಪ್ ಎಚ್ಚೆತ್ತಿದೆ. ರಕ್ಷಣೆಯ ಖರ್ಚನ್ನು 2035ರೊಳಗೆ ಜಿಡಿಪಿಯ ಶೇ. 5ಕ್ಕೆ ಏರಿಸುವ ಗುರಿಗೆ 2025ರ ಜೂನ್‌ನಲ್ಲಿ ನೆದರ್ಲೆಂಡ್ಸ್‌ನ ಹೇಗ್‌ನಲ್ಲಿ ನಡೆದ ನೇಟೋ ಸಭೆಯಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಅಮೆರಿಕದ ಉಪಗ್ರಹಗಳಿಗೆ, ಆಕಾಶದಲ್ಲೇ ಇಂಧನ ತುಂಬುವ ವಿಮಾನಗಳಿಗೆ ಬದಲಿ ಕಟ್ಟಲು ದುಡ್ಡಿಗಿಂತ ಜಾಸ್ತಿ ಬೇಕಾಗಿರುವುದು ಸಮಯ.

ಮಗಳ ವಿಷಯಕ್ಕೆ ಬರುತ್ತೇನೆ. ಟ್ಯಾಲಿನ್‌ನ ಪೂರ್ವಕ್ಕಿರುವ ಟಾಪಾ ಎಂಬ ಊರಿನಲ್ಲಿ 2017ರಿಂದ ಬ್ರಿಟನ್ ಮುಂದಾಳತ್ವದ ನೇಟೋ ಪಡೆ ಬೀಡುಬಿಟ್ಟಿದೆ. ದಿನಕ್ಕೊಂದು ಹೇಳಿಕೆ ನೋಡಿ ನಿದ್ದೆ ಕೆಡಿಸಿಕೊಳ್ಳಬೇಡಿ. ಆ ಪಡೆ ವಾಪಸ್ ಹೊರಟ ಸುದ್ದಿ ಬಂದರೆ ಆಗ ಮಗಳ ಜೊತೆ ಕೂತು ಮಾತಾಡಿ. ಅಲ್ಲಿವರೆಗೆ ಅವಳು ನೆಮ್ಮದಿಯಿಂದ ಓದಲಿ.