ಅದು ಬರೀ ಹಳೇ ಫಿಲಂ ಅಲ್ಲ

ನಮಸ್ಕಾರ. 2024ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್‌ನಲ್ಲಿ ಜಪಾನ್ ಮೂಲದ ಕಲಾವಿದೆ ಯೊಕೊ ಓನೊ ಪ್ರದರ್ಶನ ನೋಡಿದ್ದೀರಿ. 'ಕಟ್ ಪೀಸ್' ಅಂತ ಇದ್ದದ್ದು ಒಂದು ಕಪ್ಪು ಬಿಳುಪು ಫಿಲಂ, ಇದರಲ್ಲಿ ಕಲೆ ಎಲ್ಲಿದೆ ಅಂತ ಕೇಳಿದ್ದೀರಿ. ನೀವು ಉಡುಪಿಯವರಲ್ವಾ, ತಾಳಮದ್ದಳೆಯಿಂದಲೇ, ಅಂದರೆ ವೇಷ ಕುಣಿತವಿಲ್ಲದೆ ಕೂತು ಹಾಡು ಮಾತಲ್ಲೇ ನಡೆಸುವ ಯಕ್ಷಗಾನದಿಂದಲೇ, ಶುರು ಮಾಡುತ್ತೇನೆ.

ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯ. ಅರ್ಥ ಹುಟ್ಟುವುದು ಆ ರಾತ್ರಿ, ಪದ್ಯಕ್ಕೆ ಮಾತು ಕಟ್ಟುವ ಅರ್ಥಧಾರಿಯ ಬಾಯಲ್ಲಿ. ಅದೇ ಪ್ರಸಂಗ ಇವತ್ತು ಮಂಗಳೂರಲ್ಲಿ ಒಂದು ಥರ, ನಾಳೆ ಕಾರ್ಕಳದಲ್ಲಿ ಇನ್ನೊಂದು ಥರ. ಓನೊ ಕೊಟ್ಟದ್ದೂ ಬರೀ ಸೂಚನೆ. ಕಲಾವಿದೆ ವೇದಿಕೆ ಮೇಲೆ ಸುಮ್ನೆ ಕೂರುತ್ತಾರೆ, ಮುಂದೆ ಕತ್ತರಿ. ಒಬ್ಬೊಬ್ಬರಾಗಿ ಬಂದು ಅವರ ಬಟ್ಟೆಯ ಚೂರು ಕತ್ತರಿಸಿ ಒಯ್ಯಬಹುದು. ಮೊದಲು ಮಾಡಿದ್ದು 1964ರಲ್ಲಿ, ಕ್ಯೋಟೊದಲ್ಲಿ. ನೀವು ನೋಡಿದ ಫಿಲಂ 1965ರ ನ್ಯೂಯಾರ್ಕ್ ಪ್ರದರ್ಶನದ್ದು, ಕೂತವರು ಓನೊ ಅವರೇ.

ಇನ್ನೊಮ್ಮೆ ನೋಡಲು ಸಿಕ್ಕಿದರೆ, ದಯವಿಟ್ಟು ಕತ್ತರಿ ಹಿಡಿದವರನ್ನು ನೋಡಿ. ಕೆಲವರು ಸಂಕೋಚದಿಂದ ಸಣ್ಣ ಚೂರು ತೆಗೆದು ಹೋಗುತ್ತಾರೆ. ಆಮೇಲೆ ಒಬ್ಬ ಯುವಕ ಬಂದು ಒಳ ಅಂಗಿಯ ಪಟ್ಟಿಯನ್ನೇ ಕತ್ತರಿಸುತ್ತಾನೆ. ಆಗ ಓನೊ ಅವರ ಕೈಗಳು ಮೇಲೆ ಬಂದು ಎದೆ ಮುಚ್ಚುತ್ತವೆ. ನನಗೆ ಅಲ್ಲಿ ಉಸಿರು ಕಟ್ಟಿದಂತಾಯಿತು. ಅವತ್ತು ಅರ್ಥ ಹೇಳಿದವರು ಪ್ರೇಕ್ಷಕರೇ. ಎದುರಿಗಿರುವವರು ಏನೂ ಮಾಡುವುದಿಲ್ಲ ಅಂತ ಗೊತ್ತಾದಾಗ ನಾವು ಎಷ್ಟು ದೂರ ಹೋಗುತ್ತೇವೆ ಅನ್ನುವುದು ಅಲ್ಲಿ ಕಣ್ಣೆದುರಿಗೇ ಇದೆ.

2003ರಲ್ಲಿ, 70ನೇ ವಯಸ್ಸಿನಲ್ಲಿ, ಓನೊ ಪ್ಯಾರಿಸ್‌ನಲ್ಲಿ ಮತ್ತೆ ಕೂತರು. ಈ ಸಲ, ಕತ್ತರಿಸಿದ ಚೂರನ್ನು ನಿಮ್ಮ ಪ್ರೀತಿಯವರಿಗೆ ಕಳಿಸಿ ಅಂದರು. ಪದ್ಯ ಅದೇ, ಅರ್ಥ ಪೂರ್ತಿ ಬೇರೆ.