ಪಟ್ಟದ ಗೊಂಬೆ ಪಕ್ಕದಲ್ಲಿ ಜ್ಯಾಕ್ ಸ್ಪ್ಯಾರೋ

ಮೈಸೂರಿನ ಓದುಗರೊಬ್ಬರ ಪತ್ರ: "ಹೋದ ಸಂಚಿಕೆಯಲ್ಲಿ 'ಡಿಸ್ನಿಗೆ ಗೇಮ್ ಮಾಡೋಕೆ ಬರಲಿಲ್ಲ, ಅದಕ್ಕೇ ಅಂಗಡಿ ಮುಚ್ಚಿತು' ಅಂತ ಒಂದೇ ಸಾಲಲ್ಲಿ ಮುಗಿಸಿದ್ದೀರಿ. ನನ್ನ ತಮ್ಮ ಅಮೆರಿಕದಿಂದ ತಂದುಕೊಟ್ಟ ಡಿಸ್ನಿ ಇನ್ಫಿನಿಟಿ ಅನ್ನೋ ವಿಡಿಯೋ ಗೇಮನ್ನು ನನ್ನ ಮಗ ಎರಡು ವರ್ಷ ಬಿಡದೆ ಆಡಿದ. ಈಗ ಅದರ ಗೊಂಬೆಗಳು ದಸರಾದಲ್ಲಿ ನಮ್ಮ ಪಟ್ಟದ ಗೊಂಬೆ ಪಕ್ಕ ಕೂರುತ್ತವೆ. ಬರದವರು ಮಾಡಿದ್ದು ಅಷ್ಟು ಚೆನ್ನಾಗಿತ್ತಾ? ನಿಜವಾಗಿ ಆಗಿದ್ದೇನು? ಆ ಗೊಂಬೆಗಳು ಇನ್ನು ಆಡೋಕೆ ಬರೋದೇ ಇಲ್ವಾ?"

ಉತ್ತರ: ತಪ್ಪು ನಮ್ಮದೇ. ಆ ಸಾಲು ಬರೆದವನು ನಾನು. ಪುಟದಲ್ಲಿ ಜಾಗ ಇರಲಿಲ್ಲ ಅಂತ ನೆಪ ಹೇಳಬಹುದು, ಆದರೆ ಜಾಗ ಇದ್ದಿದ್ದರೂ ಬಹುಶಃ ಹಾಗೇ ಬರೆಯುತ್ತಿದ್ದೆ. ನಿಮ್ಮ ಪತ್ರ ಬಂದ ಮೇಲೆ ಕೂತು ಹಳೆಯದನ್ನೆಲ್ಲ ಕೆದಕಿದೆ. ಡಿಸ್ನಿಗೆ ಗೇಮ್ ಮಾಡೋಕೆ ಚೆನ್ನಾಗಿಯೇ ಬರುತ್ತಿತ್ತು. ಜಮೀನು ತಾನೇ ಉಳಬೇಕೋ, ಗುತ್ತಿಗೆಗೆ ಕೊಟ್ಟು ಸುಮ್ನೆ ಕೂರಬೇಕೋ ಅನ್ನೋದನ್ನು 28 ವರ್ಷ ತೀರ್ಮಾನ ಮಾಡಲಾಗದ ಯಜಮಾನನ ಕತೆ ಅದು.

1988ರಲ್ಲಿ ವಾಲ್ಟ್ ಡಿಸ್ನಿ ಕಂಪ್ಯೂಟರ್ ಸಾಫ್ಟ್‌ವೇರ್ ಅಂತ ಸಣ್ಣದೊಂದು ವಿಭಾಗ ಶುರುವಾಯಿತು. ಆದರೆ ಆಗ ಹೆಸರು ಮಾಡಿದ ಡಿಸ್ನಿ ಗೇಮ್‌ಗಳೆಲ್ಲ ಗುತ್ತಿಗೆಯವು, ಅಂದರೆ ಡಿಸ್ನಿಗೆ ಹಣ ಕೊಟ್ಟು ಅದರ ಪಾತ್ರಗಳನ್ನು ಬಳಸಿ ಬೇರೆ ಕಂಪನಿಗಳು ಮಾಡಿದವು. ಭಾನುವಾರ ದೂರದರ್ಶನದಲ್ಲಿ ಡಕ್‌ಟೇಲ್ಸ್ ನೋಡಿ ಬೆಳೆದವರಿಗೆ ಸ್ಕ್ರೂಜ್ ಗೊತ್ತು, ಅಲ್ವಾ? ಅವನು ತನ್ನ ಊರುಗೋಲಿನ ಮೇಲೆ ಕುಪ್ಪಳಿಸುತ್ತಾ ಹೋಗುವ 1989ರ ಗೇಮ್ ಮಾಡಿದ್ದು ಜಪಾನಿನ ಕ್ಯಾಪ್‌ಕಾಮ್. 1993ರಲ್ಲಿ ಸೆಗಾ ಕನ್ಸೋಲ್‌ಗೆ ಬಂದ ಅಲಾದ್ದೀನ್ ಗೇಮ್ ಮಾಡಿದ್ದು ವರ್ಜಿನ್ ಕಂಪನಿ. ಅದಕ್ಕೆ ಡಿಸ್ನಿಯ ಆನಿಮೇಟರ್‌ಗಳೇ ಕೈಯಲ್ಲಿ ಚಿತ್ರ ಬಿಡಿಸಿಕೊಟ್ಟಿದ್ದರು. ಅದು ಲಕ್ಷಗಟ್ಟಲೆ ಮಾರಾಟ ಆಗಿದ್ದು ನೋಡಿ ಯಜಮಾನನಿಗೆ ಆಸೆ ಹುಟ್ಟಿತು.

1994ರ ಡಿಸೆಂಬರಿನಲ್ಲಿ ಡಿಸ್ನಿ ಇಂಟರಾಕ್ಟಿವ್ ಅಂತ ಹೊಸ ಬೋರ್ಡು ಬಿತ್ತು. ಅದೇ ಕ್ರಿಸ್‌ಮಸ್‌ಗೆ ಲಯನ್ ಕಿಂಗ್ ಕತೆಯ ಸಿಡಿ ಬಂದಿತ್ತು. ಮಕ್ಕಳು ಉಡುಗೊರೆ ಬಿಚ್ಚಿ ಸಿಡಿ ಹಾಕಿದರೆ ಎಷ್ಟೋ ಮನೆಗಳಲ್ಲಿ ಕಂಪ್ಯೂಟರೇ ಕೈಕೊಟ್ಟಿತು. ವಿನ್‌ಜಿ ಅನ್ನೋ ವಿಂಡೋಸ್‌ನ ಹೊಸ ಗ್ರಾಫಿಕ್ಸ್ ಸೌಲಭ್ಯ ನಂಬಿಕೊಂಡು ಅದನ್ನು ಮಾಡಿದ್ದರು. ಕಾಂಪ್ಯಾಕ್ ಪ್ರೆಸಾರಿಯೋದಂಥ ಹೊಸ ಕಂಪ್ಯೂಟರುಗಳ ವಿಡಿಯೋ ಡ್ರೈವರಿಗೆ ಅದು ಒಗ್ಗಲಿಲ್ಲ. ಡಿಸ್ನಿಯ ಸಹಾಯವಾಣಿಗೆ ಫೋನೋ ಫೋನು. ಮರುವರ್ಷ ಮೈಕ್ರೋಸಾಫ್ಟ್ ವಿಂಡೋಸ್‌ನಲ್ಲಿ ಗೇಮ್ ಸಲೀಸಾಗಿ ಓಡಲೆಂದು ಡೈರೆಕ್ಟ್‌ಎಕ್ಸ್ ತಂದಿದ್ದರ ಹಿಂದೆ ಈ ರಗಳೆಯೂ ಇತ್ತು. ಡಿಸ್ನಿ ಅಳಿಸಿದ ಮಕ್ಕಳಿಂದ ಪಿಸಿ ಗೇಮಿಂಗ್‌ಗೆ ಒಳ್ಳೆಯದಾಯಿತು, ನೋಡಿ!

ಮುಂದಿನ ಕೆಲವು ವರ್ಷ ಹೇಳಿಕೊಳ್ಳುವಂಥದ್ದೇನಿಲ್ಲ. ಈ ನಡುವೆ ಬಂದ ದೊಡ್ಡ ಬೆಳೆ ಡಿಸ್ನಿ ಪಾತ್ರಗಳಿರುವ 2002ರ ಗೇಮ್ ಕಿಂಗ್‌ಡಮ್ ಹಾರ್ಟ್ಸ್, ಅದನ್ನು ಬೆಳೆದದ್ದೂ ಜಪಾನಿನ ಸ್ಕ್ವೇರ್.

2003ರಲ್ಲಿ ವಿಭಾಗಕ್ಕೆ ಬ್ಯೂನಾ ವಿಸ್ಟಾ ಗೇಮ್ಸ್ ಅಂತ ಹೆಸರಿಟ್ಟರು, 2007ರಲ್ಲಿ ಅದನ್ನೂ ತೆಗೆದು ಡಿಸ್ನಿ ಇಂಟರಾಕ್ಟಿವ್ ಸ್ಟುಡಿಯೋಸ್ ಅಂದರು. ಈ ಸಲ ಉಳುಮೆ ಜೋರು. ಸಾಲ್ಟ್ ಲೇಕ್ ಸಿಟಿಯ ಅವಲಾಂಚ್ ಅನ್ನೋ ಗೇಮ್ ಸ್ಟುಡಿಯೋ ಕೊಂಡರು, ವ್ಯಾಂಕೂವರ್‌ನಲ್ಲಿ ಪ್ರೊಪಗಾಂಡ ಅಂತ ಇನ್ನೊಂದು ಕಟ್ಟಿದರು, ಬ್ರೈಟನ್‌ನಲ್ಲಿ ಒಂದು ರೇಸಿಂಗ್ ಸ್ಟುಡಿಯೋ ಕೊಂಡು ಬ್ಲ್ಯಾಕ್ ರಾಕ್ ಅಂತ ಕರೆದರು, ಆಸ್ಟಿನ್‌ನಲ್ಲಿ ಹೆಸರಾಂತ ಗೇಮ್ ವಿನ್ಯಾಸಕ ವಾರೆನ್ ಸ್ಪೆಕ್ಟರ್ ಅವರ ಜಂಕ್ಷನ್ ಪಾಯಿಂಟ್ ಕೊಂಡರು, ಅದೂ ಸಾಲದು ಅಂತ ಮಕ್ಕಳ ಆನ್‌ಲೈನ್ ಆಟ ಕ್ಲಬ್ ಪೆಂಗ್ವಿನ್‌ಗೆ 35 ಕೋಟಿ ಡಾಲರ್, 2010ರಲ್ಲಿ ಫೇಸ್‌ಬುಕ್ ಆಟಗಳ ಪ್ಲೇಡಮ್‌ಗೆ 56 ಕೋಟಿಗೂ ಜಾಸ್ತಿ ಸುರಿದರು.

ಸ್ಪೆಕ್ಟರ್ ಮಾಡಿದ ಎಪಿಕ್ ಮಿಕಿ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅದರಲ್ಲಿ ಆಸ್ವಾಲ್ಡ್ ಅನ್ನೋ ಮೊಲ ಬರುತ್ತದೆ. ಮಿಕಿಗಿಂತ ಮೊದಲು, 1927ರಲ್ಲಿ, ವಾಲ್ಟ್ ಡಿಸ್ನಿ ಹುಟ್ಟುಹಾಕಿದ ಪಾತ್ರ ಅದು, ಆದರೆ ಹಕ್ಕು ಯೂನಿವರ್ಸಲ್ ಹತ್ತಿರ ಉಳಿದಿತ್ತು. 2006ರಲ್ಲಿ ಡಿಸ್ನಿ ತನ್ನ ಕ್ರೀಡಾ ವಾಹಿನಿಯ ವೀಕ್ಷಕ ವಿವರಣೆಗಾರ ಅಲ್ ಮೈಕಲ್ಸ್ ಅವರನ್ನು ಯೂನಿವರ್ಸಲ್‌ನ ಸೋದರ ಸಂಸ್ಥೆ ಎನ್‌ಬಿಸಿ ಟಿವಿಗೆ ಬಿಟ್ಟುಕೊಟ್ಟು, ಬದಲಿಗೆ ಆ ಮೊಲವನ್ನು ಮನೆಗೆ ತಂದಿತು. ಒಬ್ಬ ಕಾಮೆಂಟೇಟರ್ ಕೊಟ್ಟು ಒಂದು ಕಾರ್ಟೂನ್ ಮೊಲ! ಆಟದಲ್ಲಿ ಆ ಮೊಲ ಎಲ್ಲರೂ ಮರೆತ ಪಾತ್ರಗಳ ಲೋಕದಲ್ಲಿ ಮಿಕಿಯ ಮೇಲೆ ಹೊಟ್ಟೆಕಿಚ್ಚು ಪಡುತ್ತಾ ಕೂತಿರುತ್ತದೆ. ಗೇಮ್ ಮಾಡೋಕೆ ಬರದವರಿಗೆ ಇಂಥದ್ದು ಹೊಳೆಯಲ್ಲ.

ಆದರೆ ಗೇಮ್ ಬೇಸಾಯಕ್ಕೆ ತಾಳ್ಮೆ ಬೇಕು. ಬ್ಲ್ಯಾಕ್ ರಾಕ್‌ನ ಸ್ಪ್ಲಿಟ್/ಸೆಕೆಂಡ್ ಒಳ್ಳೆಯ ರೇಸಿಂಗ್ ಆಟ, ಕಾರು ಓಡಿಸುತ್ತಲೇ ಎದುರಾಳಿಯ ಮೇಲೆ ಕಟ್ಟಡ ಬೀಳಿಸಬಹುದು. ಅದು ಅಮೆರಿಕದಲ್ಲಿ ಬಿಡುಗಡೆಯಾದ ದಿನ 2010ರ ಮೇ 18. ಅದೇ ದಿನ ಆ ವರ್ಷದ ಭಾರಿ ಗೇಮ್‌ಗಳಲ್ಲೊಂದಾದ ರೆಡ್ ಡೆಡ್ ರಿಡೆಂಪ್ಶನ್ ಕೂಡ ಬಂತು. ಇನ್ನೇನು ಹೇಳೋದು. ಮುಂದಿನ ವರ್ಷ ಬ್ಲ್ಯಾಕ್ ರಾಕ್, ಪ್ರೊಪಗಾಂಡ ಎರಡಕ್ಕೂ ಬೀಗ. 2011ರ ಲೆಕ್ಕದಲ್ಲಿ ವಿಭಾಗದ ನಷ್ಟ ಸುಮಾರು 30 ಕೋಟಿ ಡಾಲರ್. 2013ರ ಜನವರಿಯಲ್ಲಿ ಜಂಕ್ಷನ್ ಪಾಯಿಂಟ್ ಹೋಯಿತು. ಏಪ್ರಿಲ್‌ನಲ್ಲಿ, ಆಗಷ್ಟೇ ಸ್ಟಾರ್ ವಾರ್ಸ್ ಸಿನಿಮಾಗಳ ಲ್ಯೂಕಾಸ್‌ಫಿಲ್ಮ್ ಜೊತೆ ಡಿಸ್ನಿಗೆ ಬಂದಿದ್ದ ಲ್ಯೂಕಾಸ್‌ಆರ್ಟ್ಸ್‌ನಲ್ಲಿ ಗೇಮ್ ಮಾಡುವ ಕೆಲಸ ನಿಲ್ಲಿಸಿದರು. ಸ್ಟಾರ್ ವಾರ್ಸ್ ಗೇಮ್‌ಗಳನ್ನು ಮೇ ತಿಂಗಳಲ್ಲಿ ಇಎ ಕಂಪನಿಗೆ ಗುತ್ತಿಗೆ ಕೊಟ್ಟರು.

ಉಳಿದದ್ದು ಅವಲಾಂಚ್. ಅವರು ಮಾಡಿದ್ದೇ ನಿಮ್ಮ ಮಗನ ಆಟ, ಡಿಸ್ನಿ ಇನ್ಫಿನಿಟಿ. 2013ರ ಆಗಸ್ಟ್‌ನಲ್ಲಿ 75 ಡಾಲರಿನ ಪೆಟ್ಟಿಗೆ ಬಂತು, ಒಳಗೆ ಒಂದು ಡಿಸ್ಕ್, ಒಂದು ಪೀಠ, ಮೂರು ಗೊಂಬೆ: ಸಲ್ಲಿ, ಮಿಸ್ಟರ್ ಇನ್‌ಕ್ರೆಡಿಬಲ್, ಜ್ಯಾಕ್ ಸ್ಪ್ಯಾರೋ. ಗೊಂಬೆಯನ್ನು ಪೀಠದ ಮೇಲಿಟ್ಟರೆ ಅದರ ತಳದ ಚಿಪ್ ಓದಿಕೊಂಡು ಪಾತ್ರ ಟಿವಿಯಲ್ಲಿ ಎದ್ದು ನಿಲ್ಲುತ್ತದೆ. ಜನ ಮುಗಿಬಿದ್ದರು. 2014ರಲ್ಲಿ ಇಂಟರಾಕ್ಟಿವ್ ವಿಭಾಗ ಕೊನೆಗೂ ಲಾಭ ಕಂಡಿತು.

ಹಾಗಾದರೆ ಮುಚ್ಚಿದ್ದೇಕೆ? ಗೊಂಬೆಯಿಂದಲೇ. ಡಿಸ್ಕ್ ಸಾಲದಿದ್ದರೆ ಮತ್ತೆ ಒತ್ತಿಸಬಹುದು. ಪ್ಲಾಸ್ಟಿಕ್ ಗೊಂಬೆ ಹಾಗಲ್ಲ, ಯಾವ ಪಾತ್ರ ಓಡುತ್ತದೆ ಅಂತ ಊಹಿಸಿ ತಿಂಗಳುಗಟ್ಟಲೆ ಮೊದಲೇ ಕಾರ್ಖಾನೆಗೆ ಆರ್ಡರ್ ಕೊಡಬೇಕು, ಹಡಗಲ್ಲಿ ತರಿಸಬೇಕು, ಗೋದಾಮಿನಲ್ಲಿ ಇಡಬೇಕು. ಚೌತಿ ಕಳೆದ ಮೇಲೆ ಉಳಿದ ಗಣಪತಿಯನ್ನು ಯಾರು ಕೊಳ್ಳುತ್ತಾರೆ? ಅಷ್ಟರಲ್ಲಿ ಸ್ಕೈಲ್ಯಾಂಡರ್ಸ್, ನಿಂಟೆಂಡೊ, ಲೆಗೋ ಎಲ್ಲರೂ ಇದೇ ಸಂತೆಯಲ್ಲಿ ಅಂಗಡಿ ಹಾಕಿದ್ದರು. 2016ರ ಮೇ 10ರಂದು ಡಿಸ್ನಿ ಕೈಚೆಲ್ಲಿತು, ಲೆಕ್ಕದಲ್ಲಿ 14.7 ಕೋಟಿ ಡಾಲರ್ ಕಳೆದುಕೊಂಡಿತು. ಸುಮಾರು 300 ಜನರ ಕೆಲಸ ಹೋಯಿತು.

ಯಜಮಾನನ ಕಡೆಯಿಂದ ನೋಡಿದರೆ ಇದು ಹುಚ್ಚಲ್ಲ. ಗುತ್ತಿಗೆ ಹಣ ಮಳೆ ಬಂದರೂ ಬರದಿದ್ದರೂ ಬರುತ್ತದೆ. 2018ರ ಸ್ಪೈಡರ್‌ಮ್ಯಾನ್ ಗೇಮಿನ ಖರ್ಚು, ತಲೆನೋವು ಸೋನಿಯದು, ಹೆಸರು ಡಿಸ್ನಿ ಒಡೆತನದ ಮಾರ್ವೆಲ್‌ದು. ಆದರೆ ಬೆಳೆಯುವ ಕೈ ಕಳೆದುಕೊಂಡರೆ ಏನಾಗುತ್ತದೆ ಅನ್ನೋದನ್ನೂ ಕೇಳಿ. ಬಾಗಿಲು ಹಾಕಿದ ಅವಲಾಂಚ್ ಅನ್ನು 2017ರ ಜನವರಿಯಲ್ಲಿ ವಾರ್ನರ್ ಬ್ರದರ್ಸ್ ಕೊಂಡುಕೊಂಡಿತು. ಅವರು ಅಲ್ಲಿ ಕೂತು ಮಾಡಿದ್ದು ಹ್ಯಾರಿ ಪಾಟರ್ ಲೋಕದ ಗೇಮ್ ಹಾಗ್ವಾರ್ಟ್ಸ್ ಲೆಗಸಿ. 2023ರಲ್ಲಿ ಅದು 2.2 ಕೋಟಿ ಪ್ರತಿ ಮಾರಾಟವಾಯಿತು. ಮರುವರ್ಷ ಡಿಸ್ನಿ, ಫೋರ್ಟ್‌ನೈಟ್ ಗೇಮ್ ಮಾಡಿದ ಎಪಿಕ್ ಗೇಮ್ಸ್‌ನಲ್ಲಿ 150 ಕೋಟಿ ಡಾಲರ್ ಹೂಡುವುದಾಗಿ ಹೇಳಿತು. ಮತ್ತೆ ಆಸೆ!

ಇನ್ನು ನಿಮ್ಮ ಗೊಂಬೆಗಳು. ಆನ್‌ಲೈನ್ ಸೇವೆ ನಿಂತು ವರ್ಷಗಳಾದವು, ಬೇರೆಯವರು ಕಟ್ಟಿದ ಲೋಕಗಳನ್ನು ಇಳಿಸಿಕೊಳ್ಳೋಕೆ ಆಗಲ್ಲ. ಆದರೆ ಡಿಸ್ಕ್, ಪೀಠ, ಹಳೆಯ ಕನ್ಸೋಲ್ ಮೂರೂ ಇದ್ದರೆ ಆಟ ಇವತ್ತಿಗೂ ನಡೆಯುತ್ತದೆ. ಚಿಪ್‌ಗೆ ಬ್ಯಾಟರಿ ಬೇಕಿಲ್ಲ. ಪೀಠವನ್ನು ಮಾತ್ರ ಗುಜರಿಗೆ ಹಾಕಬೇಡಿ, ಕೇಬಲ್ ಸಮೇತ ಎತ್ತಿಡಿ. ದಸರಾ ಮುಗಿದ ಮೇಲೆ ಜ್ಯಾಕ್ ಸ್ಪ್ಯಾರೋನನ್ನು ಒಮ್ಮೆ ಅದರ ಮೇಲೆ ನಿಲ್ಲಿಸಿ ನೋಡಿ. ನಿಮ್ಮ ಮಗ ಎರಡು ವರ್ಷ ಆಡಿ ಏರಿದ ಹಂತ ಆ ಗೊಂಬೆಯಲ್ಲೇ ಇರಬೇಕು.

— ಸಂಪಾದಕ