ಟೇಬಲ್‌ನ ಕೆಲವು ಸಾಲುಗಳನ್ನು ಮಾತ್ರ ಆರಿಸಲು ಬಿಡುವುದು ಹೇಗೆ?

ನೀವು ಕೇಳಿರುವುದು: ಐಫೋನ್ ಆ್ಯಪ್‌ನ ಟೇಬಲ್‌ನಲ್ಲಿ (ಯುಐಟೇಬಲ್‌ವ್ಯೂ) ಕಾಫಿ ಲಾಟ್‌ಗಳ ಪಟ್ಟಿ ಇದೆ, ತೇವಾಂಶ ಪರೀಕ್ಷೆ ಆಗದ ಲಾಟ್ ಅನ್ನು ಯಾರೂ ಆರಿಸಬಾರದು, ಸೆಲೆಕ್ಷನ್‌ಸ್ಟೈಲ್‌ಗೆ ‘ನನ್’ (none, ಯಾವುದೂ ಬೇಡ) ಕೊಟ್ಟರೂ ಅವು ರವಾನೆ ಪಟ್ಟಿಗೆ ಸೇರುತ್ತಿವೆ. ಸೇರುವುದು ಸಹಜ. ಆ ಸೆಟ್ಟಿಂಗ್ ಬಣ್ಣಕ್ಕೆ ಮಾತ್ರ ಸಂಬಂಧಿಸಿದ್ದು. ಸಾಲು ಬೂದು ಬಣ್ಣಕ್ಕೆ ತಿರುಗುವುದಿಲ್ಲ, ಆದರೆ ಆಯ್ಕೆ ಎಂದಿನಂತೆ ನಡೆದು ಸಾಲು ಆಯ್ಕೆಯಾದ ಮೇಲೆ ಓಡುವ ಡಿಡ್‌ಸೆಲೆಕ್ಟ್‌ರೋಅಟ್‌ಗೆ ಕರೆ ಬಂದೇ ಬರುತ್ತದೆ.

ತಡೆಯಬೇಕಾದ ಜಾಗ ಡೆಲಿಗೇಟ್‌ನ (ಟೇಬಲ್ ಅಭಿಪ್ರಾಯ ಕೇಳುವ ನಿಮ್ಮ ಕೋಡ್) ವಿಲ್‌ಸೆಲೆಕ್ಟ್‌ರೋಅಟ್. ಆಯ್ಕೆಗೆ ಮುನ್ನ ಟೇಬಲ್ ಇಲ್ಲಿ ಕೇಳುತ್ತದೆ: ಒಪ್ಪಿಗೆಯಿದ್ದರೆ ಬಂದ ಇಂಡೆಕ್ಸ್‌ಪಾತ್ (ಸಾಲಿನ ಸ್ಥಾನ) ಅನ್ನೇ ಹಿಂದಿರುಗಿಸಿ, ಇಲ್ಲವಾದರೆ ‘ನಿಲ್’ (nil, ಏನೂ ಇಲ್ಲ) ಕೊಡಿ. ಇದಕ್ಕೂ ಮೊದಲು ಶುಡ್‌ಹೈಲೈಟ್‌ರೋಅಟ್ ಇದೆ. ಅಲ್ಲಿ ‘ಫಾಲ್ಸ್’ ಕೊಟ್ಟರೆ ಬೆರಳಿಟ್ಟಾಗ ಬಣ್ಣವೂ ಬದಲಾಗದು, ವಿಷಯ ವಿಲ್‌ಸೆಲೆಕ್ಟ್‌ವರೆಗೆ ಹೋಗುವುದೂ ಇಲ್ಲ. ನೋಡಲು ಅಚ್ಚುಕಟ್ಟಾಗಿದ್ದರೂ ನಿಮ್ಮ ಕೆಲಸಕ್ಕೆ ಅದು ಬೇಡ ಎನ್ನುತ್ತೇನೆ.

ನಾನು ಹಾಸನದಲ್ಲಿದ್ದು ತೋಟಗಳ ಲೆಕ್ಕಪತ್ರದ ಆ್ಯಪ್‌ಗಳನ್ನು ಮಾಡಿಕೊಡುತ್ತೇನೆ. ಅವುಗಳನ್ನು ಬಳಸುವವರು ತೋಟದ ಲೆಕ್ಕ ಬರೆಯುವ ರೈಟರ್‌ಗಳು. ಕಣದ ಬಿಸಿಲಿನಲ್ಲಿ ನಿಂತು, ಒಂದು ಕಣ್ಣು ಮೂಟೆ ತೂಗುವವರ ಮೇಲಿಟ್ಟು ಫೋನ್ ಒತ್ತುತ್ತಾರೆ. ಒತ್ತಿದ ಸಾಲು ಸುಮ್ಮನಿದ್ದರೆ ಆ್ಯಪ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಬೇಡ ಎನ್ನುವ ಆ್ಯಪ್ ಏಕೆ ಬೇಡ ಎಂಬುದನ್ನೂ ಹೇಳಬೇಕು. ಸಾಲಿನಲ್ಲೇ ‘ಪಾರ್ಚ್‌ಮೆಂಟ್ (ಒಳಸಿಪ್ಪೆ ತೆಗೆಯದ ಕಾಫಿ ಬೀಜ), 50 ಕಿಲೋ ಮೂಟೆ’ ಎಂಬುದರ ಕೆಳಗೆ ‘ತೇವಾಂಶ ಪರೀಕ್ಷೆ ಬಾಕಿ’ ಎಂದು ಬರೆಯಿರಿ. ಆದರೂ ಒತ್ತಿದರೆ ವಿಲ್‌ಸೆಲೆಕ್ಟ್‌ನಲ್ಲಿ ‘ನಿಲ್’ ಕೊಡುವ ಮೊದಲು ಅದೇ ಕಾರಣವನ್ನು ಪರದೆಯ ಕೆಳಗೆ ತೋರಿಸಿ. ಪರದೆಯನ್ನು ಓದಿ ಹೇಳುವ ವಾಯ್ಸ್‌ಓವರ್ ಬಳಸುವವರಿಗಾಗಿ ಆ ಸಾಲಿಗೆ ‘ನಾಟ್‌ಎನೇಬಲ್ಡ್’ ಟ್ರೇಟ್ (ಈಗ ಆರಿಸಲಾಗದು ಎಂಬ ಗುರುತು) ಸೇರಿಸಿ.

ಸಾಲನ್ನು ತೋರಿಸುವ ಸೆಲ್‌ನ ಯೂಸರ್ ಇಂಟರಾಕ್ಷನ್ (ಸ್ಪರ್ಶಕ್ಕೆ ಸ್ಪಂದಿಸುವುದು) ಅನ್ನೇ ಮುಚ್ಚಿಬಿಡಿ ಎಂಬ ಸಲಹೆಯೂ ನಿಮಗೆ ಸಿಗಬಹುದು. ಮುಚ್ಚಿದರೆ ಒಳಗಿನ ಬಟನ್‌ಗಳೂ ಸಾಯುತ್ತವೆ. ಸೆಲ್‌ಗಳು ಮರುಬಳಕೆಯಾಗುವುದರಿಂದ, ಮತ್ತೆ ತೆರೆಯುವುದನ್ನು ಮರೆತರೆ ಸ್ಕ್ರೋಲ್ ಮಾಡಿದಾಗ ಪರೀಕ್ಷೆ ಮುಗಿದ ಲಾಟ್ ಕೂಡ ಕೈಗೆ ಸಿಗದು.

ನಿಮ್ಮಲ್ಲಿ ‘ಎಲ್ಲವನ್ನೂ ಆರಿಸು’ ಬಟನ್ ಇದ್ದರೆ ಇನ್ನೊಂದು ಎಚ್ಚರಿಕೆ ಅಗತ್ಯ. ಕೋಡ್‌ನಿಂದಲೇ ಸೆಲೆಕ್ಟ್‌ರೋ ಕರೆದಾಗ ವಿಲ್‌ಸೆಲೆಕ್ಟ್ ಕರೆಯೇ ಬರುವುದಿಲ್ಲ. ನೀವು ಕಟ್ಟಿದ ತಡೆ ಅಲ್ಲಿ ಕೆಲಸ ಮಾಡುವುದಿಲ್ಲ. ಆದ್ದರಿಂದ ನಿಯಮವನ್ನು ಟೇಬಲ್‌ನಲ್ಲಿ ಬರೆಯದೆ ಲಾಟ್‌ನ ಮಾಹಿತಿ ಇಡುವ ಮಾಡೆಲ್‌ನಲ್ಲೇ ‘ರವಾನೆಗೆ ಸಿದ್ಧವೇ’ ಎಂಬ ಒಂದೇ ಗುಣವಾಗಿ (ಪ್ರಾಪರ್ಟಿ) ಬರೆಯಿರಿ. ವಿಲ್‌ಸೆಲೆಕ್ಟ್, ಆ ಬಟನ್, ಕೊನೆಗೆ ರವಾನೆ ಉಳಿಸುವ ಸರ್ವರ್, ಮೂರೂ ಅದೇ ನಿಯಮವನ್ನು ಪಾಲಿಸಲಿ.

ಈ ಟೇಬಲ್ ಬದಲು ಆ್ಯಪಲ್‌ನ ಹೊಸ ವಿಧಾನವಾದ ಸ್ವಿಫ್ಟ್‌ಯುಐನ ಲಿಸ್ಟ್ ಬಳಸುತ್ತಿದ್ದರೆ ಐಒಎಸ್ 17ರಿಂದ ಸೆಲೆಕ್ಷನ್‌ಡಿಸೇಬಲ್ಡ್ ಎಂಬ ಮಾಡಿಫೈಯರ್ ಇದೆ. ಸಾಲಿಗೆ ಅದನ್ನು ಹಚ್ಚಿದರೆ ಸಾಕು.